ಗುಡ್ಡ ದಾಟಿದ ಕಂಪ್ರೆಸರ್

ಎಪ್ಪತ್ತೊಂಬತ್ತರ ಆಗಸ್ಟ್. ಠಾಣೆ ಹತ್ತಿರದ ಘಣಸೋಲಿಯ ಹಿಂದಿನ ಕಲ್ಲುಗಣಿಯಲ್ಲಿ ಕಂಪ್ರೆಸರ್ ಆಪರೇಟರ್ ಯಂಕಣ್ಣ ಬೆಳಗಿನ ಚಹಾ ಕುಡಿದು ಲೋಟ ತೊಳೆಯುತ್ತಿದ್ದ. ಗುಡ್ಡದ ನೆತ್ತಿಯಿಂದ ಇಬ್ಬರು ಜಾರುತ್ತ, ಹುಲ್ಲು ಹಿಡಿಯುತ್ತ ಇಳಿದು ಬರುವುದು ಕಂಡಿತು. ಮಳೆಗಾಲದಲ್ಲಿ ಆ ದಾರಿಯಲ್ಲಿ ದನ ಕೂಡ ಇಳಿಯುವುದಿಲ್ಲ.

ಮುಂದಿದ್ದವಳು ಮರಗಮ್ಮ, ಗುಡ್ಡದ ಆಚೆ ಸುರಂಗದ ಕೆಲಸದಲ್ಲಿ ಬುಟ್ಟಿ ಹೊರುವ ಹೆಂಗಸು. ಹಿಂದೆ ಉಡುಪಿ ಕಡೆಯ ಇಂಜಿನಿಯರ್ ಜಯಶೀಲ. ಅವನ ಒಂದು ಕಾಲಿನಲ್ಲಿ ಬೂಟು ಇರಲಿಲ್ಲ.

"ಯಂಕಣ್ಣ, ನಿನ್ನ ಕಂಪ್ರೆಸರ್ ಚಾಲೂ ಉಂಟಾ?"

"ಐತ್ರಿ. ಯಾಕ್ರಿ ಸಾಹೇಬ್ರ?"

"ಸುರಂಗದ ಬಾಯಿ ಕುಸಿದು ಹೋಯ್ತು ಮಾರಾಯ. ನಿನ್ನೆ ಸಂಜೆ. ಒಳಗೆ ಮೂರು ಜನ ಇದ್ದಾರೆ."

ನೀರಿನ ಪೈಪು ಹಾಯಿಸಲು ಪೂರ್ವದ ಬದಿಯಿಂದ ಕೊರೆಯುತ್ತಿದ್ದ ಸಣ್ಣ ಸುರಂಗ ಅದು. ಇನ್ನೂರು ಅಡಿಯಷ್ಟೇ ಒಳಗೆ ಹೋಗಿತ್ತು. ಈ ಬದಿಯಿಂದ ಅಗೆತ ಇನ್ನೂ ಶುರುವಾಗಿರಲಿಲ್ಲ. ಬಾಯಿಯ ಬಳಿ ನಿಲ್ಲಿಸಿದ್ದ ಕಂಪ್ರೆಸರ್ ಕೂಡ ಮಣ್ಣಿನಡಿ ಹೂತುಹೋಗಿತ್ತು. ಆದರೆ ಗೋಡೆಗುಂಟ ಒಳಗೆ ಹೋಗಿದ್ದ ಕಬ್ಬಿಣದ ಗಾಳಿ ಪೈಪು ಮಾತ್ರ ಮುರಿದಿರಲಿಲ್ಲ. ಅದರ ತುದಿ ಕೆಸರಿನಿಂದ ಮೊಳದಷ್ಟು ಹೊರಗೆ ಚಾಚಿಕೊಂಡಿತ್ತು. ಹೊರಗಿನವರು ಅದಕ್ಕೆ ಸುತ್ತಿಗೆಯಿಂದ ಬಡಿದಾಗ ಒಳಗಿನಿಂದ ಉತ್ತರ ಬಂದಿತ್ತು.

"ಮೂರ್ ಸಲ ಬಡದಾರ," ಎಂದಳು ಮರಗಮ್ಮ. "ಒಬ್ಬೊಬ್ಬರು ಒಂದೊಂದು. ಮದಲನೇದು ನಮ್ಮಾಂವಂದು. ಅವನ ಕೈ ನನಗ ಗೊತ್ತಾಗ್ತೈತಿ."

ಅವಳ ಗಂಡ ಮಾಪಣ್ಣ. ಜೊತೆಗೆ ಕೂಲಿಗಳ ಮೇಲ್ವಿಚಾರಕ ಮುಕಾದಮ ಮಹಾದೇವಪ್ಪ ಮತ್ತು ಫಿಟ್ಟರ್ ಕಿಟ್ಟಣ್ಣ.

"ಮೊದಲು ಅವರಿಗೆ ಉಸಿರಾಡ್ಲಿಕ್ಕೆ ಗಾಳಿ, ಆಮೇಲೆ ಬಂಡೆ ಒಡೀಲಿಕ್ಕೆ ಗಾಳಿ," ಎಂದ ಜಯಶೀಲ. "ಮುಂಬ್ರಾದಲ್ಲಿ ರಸ್ತೆ ಮೇಲೆ ಗುಡ್ಡ ಬಿದ್ದಿದೆ. ಕಲ್ಯಾಣ ಕಡೆ ಉಲ್ಹಾಸ್ ನದಿ ಉಕ್ಕಿ ಎಲ್ಲ ನೀರು. ಬೇರೆ ದಾರಿ ಇಲ್ಲ. ಇದನ್ನ ಗುಡ್ಡ ದಾಟಿಸ್ಬೇಕು."

ಯಂಕಣ್ಣ ತನ್ನ ಯಂತ್ರದ ಕಡೆ ನೋಡಿದ. ಎರಡು ಚಕ್ರದ ಗಾಡಿಯ ಮೇಲೆ ಮೂರು ಸಿಲಿಂಡರಿನ ಡೀಸೆಲ್ ಇಂಜಿನ್ನು, ಅದಕ್ಕೆ ಕೂಡಿಸಿದ ಕಂಪ್ರೆಸರ್, ಕೆಳಗೆ ಗಾಳಿ ತುಂಬುವ ಟಾಕಿ. ಒಟ್ಟು ಒಂದು ಟನ್ ಭಾರ. ರಾಯಚೂರಿನಿಂದ ಬಂದ ಮೇಲೆ ಒಂಬತ್ತು ವರ್ಷ ಅವನು ಇದರ ಪಕ್ಕದಲ್ಲೇ ಕಳೆದಿದ್ದ. ಎಡಗಿವಿ ಇದರ ಸದ್ದಿಗೇ ಕಿವುಡಾಗಿತ್ತು.

"ಇದೇನ್ ಎತ್ತಲ್ರಿ ಸಾಹೇಬ್ರ, ಜಗ್ಗಿದ್ರ ಬರಾಕ. ಮಗ್ಗಲಾ ಬಿತ್ತಂದ್ರ ಮುಗೀತು." ಹೀಗೆನ್ನುತ್ತಲೇ ಅವನು ನಟ್ಟು ಬಿಗಿಯುವ ಪಾನಾಗಳ ಚೀಲ ಎತ್ತಿಕೊಂಡ. "ಟ್ರ್ಯಾಕ್ಟರ್ ತರಸ್ರಿ. ನೆತ್ತೀತನ ಗಣಿ ರಸ್ತೆ ಐತಿ. ಮುಂದ ನೋಡೂಣು."

ಅರ್ಧ ಗಂಟೆಯಲ್ಲಿ ಹೊರಟರು. ಟ್ರ್ಯಾಕ್ಟರ್ ಚಾಲಕನನ್ನು ಬಿಟ್ಟರೆ ಇದ್ದದ್ದು ಐದೇ ಜನ. ಯಂಕಣ್ಣ, ಜಯಶೀಲ, ಮರಗಮ್ಮ, ಬಂಡೆ ಒಡೆಯುವುದರಲ್ಲಿ ಪಳಗಿದ ವಿಜಾಪುರದ ಶಿವರಾಯ, ಮತ್ತು ಗುಡ್ಡದ ಹುಲ್ಲು ಕೊಯ್ದೇ ಮುದುಕನಾದ ಘಣಸೋಲಿ ಊರಿನ ಹಿರಾಜಿ. ಎರಡು ದಪ್ಪ ಹಗ್ಗ, ಭಾರ ಎತ್ತುವ ಚೈನ್ ಪುಲ್ಲಿ, ಬಂಡೆ ಕೊರೆಯುವ ಒಂದು ಜ್ಯಾಕ್‌ಹ್ಯಾಮರ್, ಇಂಜಿನ್ ಎಣ್ಣೆಯ ಡಬ್ಬಿ, ಮಳೆಗೆ ಹೊದಿಸಲು ಮಡಚಿದ ತಾಡಪತ್ರಿ. ಡೀಸೆಲ್ ಕ್ಯಾನನ್ನು ಮರಗಮ್ಮ ಯಾರಿಗೂ ಕೊಡದೆ ತಲೆಯ ಮೇಲಿಟ್ಟುಕೊಂಡಳು.

ನೆತ್ತಿ ತಲುಪಿದಾಗ ಮಳೆ ಹನಿಯುತ್ತಿತ್ತು. ಪಶ್ಚಿಮಕ್ಕೆ ಸಮುದ್ರದ ಖಾಡಿಯ ಬೂದು ನೀರು, ಅದರ ದಡದಲ್ಲಿ ಸಾಲಾಗಿ ಹೊಗೆ ಉಗುಳುವ ಕಾರ್ಖಾನೆಗಳು. ಪೂರ್ವಕ್ಕೆ ನೋಡಿದರೆ ಮನುಷ್ಯರ ಗುರುತೇ ಇಲ್ಲ. ಕಡಿದಾದ ಇಳಿಜಾರಿನ ತುಂಬ ಎದೆಯೆತ್ತರದ ಹುಲ್ಲು, ಮತ್ತಿ ಮರಗಳು, ಪಾಚಿ ಹಿಡಿದ ಕರಿಬಂಡೆ, ಎಲ್ಲೆಲ್ಲೂ ಸೀಳಿಕೊಂಡು ಹರಿಯುವ ಕೆಂಪು ನೀರು. ತಳದಲ್ಲಿ ಮೋಡ ಕೂತಿತ್ತು. ಆ ಮೋಡದ ಕೆಳಗೆಲ್ಲೋ ಸುರಂಗ. ಟ್ರ್ಯಾಕ್ಟರ್ ಚಾಲಕ ಇಳಿಜಾರನ್ನು ಒಮ್ಮೆ ನೋಡಿ ಕೈಮುಗಿದ. ಕೊಕ್ಕೆ ಬಿಚ್ಚಿದರು. ಅವನು ಮರಳಿಹೋದ.

"ಸರಳ ನಕೋ. ಉಜವೀಕಡೂನ್," ಎಂದು ಹಿರಾಜಿ ಮರಾಠಿಯಲ್ಲಿ ಹೇಳಿ, ನೇರ ಇಳಿಯುವುದು ಬೇಡವೆಂದು ಬಲಕ್ಕೆ ಕೈ ತೋರಿಸಿದ. ಅಲ್ಲಿ ಮರಗಳು ಹತ್ತಿರ ಹತ್ತಿರ ಇದ್ದವು.

ಯಂಕಣ್ಣನಿಗೆ ತಕ್ಷಣ ಅರ್ಥವಾಯಿತು. ಹಗ್ಗವನ್ನು ಮರದ ಬುಡಕ್ಕೆ ಎರಡು ಸುತ್ತು ಹಾಕಿ, ಯಂತ್ರದ ಭಾರಕ್ಕೆ ತಕ್ಕಂತೆ ಒಂದೊಂದೇ ಅಡಿ ಸಡಿಲಿಸುವುದು. ಒಂದು ಹಗ್ಗ ಮುಗಿಯುವ ಮೊದಲು ಇನ್ನೊಂದನ್ನು ಕೆಳಗಿನ ಮರಕ್ಕೆ ಸುತ್ತುವುದು. ಹೀಗೆ ಮರದಿಂದ ಮರಕ್ಕೆ. ಶಿವರಾಯ, ಹಿರಾಜಿ ಹಗ್ಗ ಹಿಡಿದರು. ಯಂಕಣ್ಣ, ಜಯಶೀಲ ಮುಂದಿನ ಕಂಬಿ ಹಿಡಿದು ದಿಕ್ಕು ತಿರುಗಿಸಿದರು. ಮರಗಮ್ಮ ಚಕ್ರದ ಹಿಂದೆ ಮುಂದೆ ಓಡಾಡುತ್ತ ಕಲ್ಲು ಕೊಟ್ಟಳು, ಕಲ್ಲು ತೆಗೆದಳು.

ಹನ್ನೊಂದು ಮರ ದಾಟಿದರು. ಹನ್ನೆರಡನೆಯದು ಬೇರು ಸಮೇತ ಕಿತ್ತುಬಂತು.

"ಬಿಡ್ರಿ! ಬಾಜೂಕ ಹೋಗ್ರಿ!"

ಯಂಕಣ್ಣ ಜಯಶೀಲನನ್ನು ದೂಡಿ ತಾನೂ ಹುಲ್ಲಿಗೆ ಹಾರಿದ. ಯಂತ್ರ ಜಾರಿತು. ಶಿವರಾಯ ಹಗ್ಗ ಕೈಬಿಟ್ಟ, ಹಿರಾಜಿ ಬಿಡಲಿಲ್ಲ. ಹಗ್ಗ ಅವನ ಅಂಗೈಗಳ ನಡುವೆ ಸರ್ರನೆ ಓಡಿತು. ಮುದುಕ ಕಿರುಚಿದ.

ಮರಗಮ್ಮ ಮುಚ್ಚಳ ಬಿಗಿದಿದ್ದ ಕ್ಯಾನನ್ನು ಹುಲ್ಲಿಗೆ ಎಸೆದಳು. ಎರಡೂ ಕೈಯಲ್ಲಿ ಒಂದು ಬಂಡೆಗಲ್ಲು ಎತ್ತಿ ಚಕ್ರದ ಮುಂದೆ ಒಗೆದಳು. ಚಕ್ರ ಅದನ್ನು ಏರಿತು. ಗಾಡಿ ಎಡಕ್ಕೆ ವಾಲಿತು. ವಾಲಿ, ಮತ್ತೊಂದು ಮರಕ್ಕೆ ಹೊಟ್ಟೆ ಕೊಟ್ಟು ನಿಂತಿತು.

ಬ್ಯಾಟರಿ ಕಳಚಿ ಕೆಳಗೆ ಉರುಳಿ ಒಡೆದುಹೋಯಿತು. ಹಿರಾಜಿಯ ಅಂಗೈ ಎರಡರಲ್ಲೂ ಚರ್ಮ ಇರಲಿಲ್ಲ. ಮರಗಮ್ಮ ಸೆರಗು ಹರಿದು ಕಟ್ಟಿದಳು. ಅವನು ನೋವಿಗೆ ಹಲ್ಲು ಕಚ್ಚಿದನೇ ಹೊರತು ಕೂರಲಿಲ್ಲ. "ಚಲಾ, ಚಲಾ," ಎಂದು ಮೊಣಕೈಯಿಂದಲೇ ಮುಂದಿನ ದಾರಿ ತೋರಿಸಿದ. ಚೈನ್ ಪುಲ್ಲಿ ಕಟ್ಟಿ ಗಾಡಿ ಎತ್ತಿ ನಿಲ್ಲಿಸಲು ಮುಕ್ಕಾಲು ಗಂಟೆ ಹಿಡಿಯಿತು.

ಬುಡ ತಲುಪಿದಾಗ ಹನ್ನೊಂದು ದಾಟಿತ್ತು.

ಸುರಂಗದ ಬಾಯಿ ಇದ್ದದ್ದು ಗುಡ್ಡದ ಮೂರು ಗೋಡೆಗಳ ನಡುವಿನ ಬೋಗುಣಿಯಂಥ ತಗ್ಗಿನಲ್ಲಿ. ಬಾಯಿ ಎಂಬುದೇ ಈಗ ಇರಲಿಲ್ಲ. ಮಣ್ಣು, ಬಂಡೆ, ತುಂಡಾದ ಮರದ ತೊಲೆಗಳ ರಾಶಿ. ಹತ್ತು ಹನ್ನೆರಡು ಕೂಲಿಗಳು ಸಲಿಕೆ ಹಿಡಿದು ರಾತ್ರಿಯಿಡೀ ತೋಡಿದ್ದರು. ಮಣ್ಣು ತೆಗೆದಲ್ಲಿ ಈಗ ಎಮ್ಮೆ ಗಾತ್ರದ ಒಂದು ಬಂಡೆ ಅಡ್ಡ ನಿಂತಿತ್ತು. ಮರಗಮ್ಮ ಕೆಸರಿನಲ್ಲಿ ಮಂಡಿಯೂರಿ ಪೈಪಿಗೆ ಕಿವಿ ಹಚ್ಚಿ ಕಲ್ಲಿನಿಂದ ಬಡಿದಳು. ಬಹಳ ಹೊತ್ತಾಯಿತು. ನಂತರ ಅವಳು ಮೂರು ಬೆರಳು ಎತ್ತಿದಳು.

"ಚಾಲೂ ಮಾಡು!" ಎಂದು ಕೂಲಿಗಳು ಕೂಗಿದರು.

ಯಂಕಣ್ಣ ಚಾಲೂ ಮಾಡಲಿಲ್ಲ. ಮೊದಲು ಚಕ್ರದಡಿ ಕಲ್ಲು ಕೊಟ್ಟು ಗಾಡಿಯನ್ನು ಸಮಮಟ್ಟಕ್ಕೆ ತಂದ. ವಾಲಿದ ಯಂತ್ರದಲ್ಲಿ ಎಣ್ಣೆ ಎಲ್ಲೆಲ್ಲೋ ಏರಿ ಕೂತಿರುತ್ತದೆ, ಅದು ತಳಕ್ಕಿಳಿಯಬೇಕು. ಅಳತೆಕಡ್ಡಿ ಎಳೆದು ನೋಡಿದ, ಒರೆಸಿದ, ಮತ್ತೆ ನೋಡಿದ. ಎಣ್ಣೆ ಕಮ್ಮಿಯಿತ್ತು, ಡಬ್ಬಿಯಿಂದ ಹಾಕಿದ. ಟಾಕಿಯ ತಳದ ನಲ್ಲಿ ತಿರುಗಿಸಿ ನೀರು ಬಿಟ್ಟ. ರೇಡಿಯೇಟರಿಗೆ ಅಂಟಿದ ಎಲೆಗಳನ್ನು ಕೈಯಿಂದ ಕಿತ್ತ.

"ಅಯ್ಯೋ, ಏನ್ ಪೂಜಾ ಮಾಡ್ಲಿಕ್ಕತ್ತೀಯೇನೋ? ಜನ ಸಾಯ್ತಾರ ಒಳಗ!" ಎಂದ ಶಿವರಾಯ.

"ಈಗ ಅವಸರ ಮಾಡಿ ಬೇರಿಂಗ್ ಸುಟ್ಟೆ ಅಂದ್ರ ಸಾಯೋದ ಖರೆ. ಸುಮ್ಮ ನಿಂದ್ರು."

ಹದಿನೈದು ನಿಮಿಷ ಬೈಗುಳ ಕೇಳಿಸಿಕೊಂಡ. ಆಮೇಲೆ, ಬ್ಯಾಟರಿ ಇಲ್ಲದ್ದರಿಂದ, ಹ್ಯಾಂಡಲ್ ಹಾಕಿ ತಿರುಗಿಸಿದ. ನಾಲ್ಕನೆಯ ಸುತ್ತಿನಲ್ಲಿ ಇಂಜಿನ್ನು ಕೆಮ್ಮಿತು, ಏಳನೆಯದರಲ್ಲಿ ಹತ್ತಿಕೊಂಡಿತು. ಬಿಸಿಯಾಗುವವರೆಗೂ ಖಾಲಿ ಓಡಿಸಿ, ರಬ್ಬರ್ ಕೊಳವೆಯೊಳಗಿನ ಕೆಸರನ್ನು ಗಾಳಿಯಿಂದ ಊದಿ ಹೊರಹಾಕಿ, ಆಮೇಲೆ ಪೈಪಿಗೆ ಜೋಡಿಸಿದ. ಜೋಡಣೆ ಕಳಚಿ ಹಾವಿನ ಹಾಗೆ ಹೊಡೆಯದಿರಲೆಂದು ತಂತಿ ಬಿಗಿದ. ವಾಲ್ವ್ ತೆರೆದ.

ಪೈಪು ನಡುಗಿತು. ಒಳಗೆ ಯಾರೋ ತುದಿಯ ನಲ್ಲಿ ತೆರೆದಿರಬೇಕು, ಗಾಳಿ ಹರಿಯತೊಡಗಿತು. ಸ್ವಲ್ಪ ಹೊತ್ತಿಗೆ ಮರಗಮ್ಮ ತಲೆಯೆತ್ತಿದಳು. ಅವಳ ಕಣ್ಣು ತುಂಬಿತ್ತು.

"ಬಡೀಲಿಕ್ಕತ್ತಾರ ಅಣ್ಣಾ. ಮೂರೂ ಮಂದಿ. ಜೋರಾಗಿ."

ಶಿವರಾಯ ಬಂಡೆಗೆ ಜ್ಯಾಕ್‌ಹ್ಯಾಮರ್ ಹಚ್ಚಿದ ಕೂಡಲೇ ಗೇಜಿನಲ್ಲಿ ಗಾಳಿಯ ಒತ್ತಡ ಏಳರಿಂದ ನಾಲ್ಕಕ್ಕೆ ಇಳಿಯಿತು. ಒಂದೇ ಯಂತ್ರ ಬಂಡೆಗೂ ಬೇಕು, ಎದೆಗೂ ಬೇಕು. ಯಂಕಣ್ಣ ಲೆಕ್ಕ ಹಾಕಿದ: ಹತ್ತು ನಿಮಿಷ ಬಂಡೆ, ಐದು ನಿಮಿಷ ಬರೀ ಉಸಿರು. ಜಯಶೀಲ ಕೈಗಡಿಯಾರ ನೋಡಿ ಕೂಗುತ್ತಿದ್ದ. ಅದೇ ಲಯದಲ್ಲಿ ಒಂದು ಗಂಟೆ ಸಾಗಿತು. ಬಂಡೆಯಲ್ಲಿ ಮೊಳದುದ್ದದ ರಂಧ್ರಗಳಾದವು.

ಆಗ ಮಳೆ ಬಂತು. ಹನಿಯಲ್ಲ, ಕೊಡದಿಂದ ಸುರಿದಂಥ ಮಳೆ. ಗಾಳಿ ಒಳಗೆಳೆಯುವ ಫಿಲ್ಟರಿಗೆ ನೀರು ನುಗ್ಗಿದರೆ ಯಂತ್ರ ಕೆಡುತ್ತದೆ. ಯಂಕಣ್ಣ, ಜಯಶೀಲ ಸೇರಿ ತಾಡಪತ್ರಿ ಬಿಡಿಸಿ ಯಂತ್ರದ ಮೇಲೆ ಗುಡಾರದ ಹಾಗೆ ಕಟ್ಟಿದರು. ಮೂರು ಬದಿ ಕೆಳತನಕ ಇಳಿಬಿಟ್ಟರು. ಮಳೆ ಬೋರೆಂದು ಬಡಿಯಿತು, ಇಂಜಿನ್ನು ಓಡುತ್ತಲೇ ಇತ್ತು.

ಅಷ್ಟರಲ್ಲಿ ಬಂಡೆಯ ಮೇಲಿನಿಂದ ಮಣ್ಣು ಜಾರಿ ಶಿವರಾಯನ ಸೊಂಟದವರೆಗೆ ಮುಚ್ಚಿತು. ಎಲ್ಲರೂ ಅತ್ತ ಓಡಿದರು, ಯಂಕಣ್ಣನೂ ಓಡಿದ. ಅವನನ್ನು ಎಳೆದು, ಮಣ್ಣು ತೆಗೆದು, ಜ್ಯಾಕ್‌ಹ್ಯಾಮರ್ ಹುಡುಕಿ ಮತ್ತೆ ಜೋಡಿಸುವಾಗ ಅರ್ಧ ಗಂಟೆ ಕಳೆದಿತ್ತು. ಮಳೆ ನಿಂತಿತ್ತು. ಬೀಸುವ ಗಾಳಿಯೂ ನಿಂತುಹೋಗಿತ್ತು. ಮೋಡ ತಗ್ಗಿನ ಮೇಲೆ ಮುಚ್ಚಳದ ಹಾಗೆ ಕೂತಿತ್ತು.

"ಅಣ್ಣಾ, ಬಡಿತ ಸರಿ ಇಲ್ಲ," ಎಂದಳು ಮರಗಮ್ಮ.

"ಏನಾತು?"

"ಮದಲ ಒಂದ್ ಇಪ್ಪತ್ತು ಬಡದ್ರು, ಹುಚ್ಚರಂಗ. ಆಮ್ಯಾಲ ಎರಡು. ಈಗ ಒಂದ. ಅದೂ ಮೆಲ್ಲಕ."

ಯಂಕಣ್ಣ ಗೇಜು ನೋಡಿದ. ಒತ್ತಡ ಸರಿ ಇತ್ತು. ಗಾಳಿ ಹೋಗುತ್ತಿತ್ತು. ಹಾಗಾದರೆ ಏನು? ಕೈ ತನ್ನ ದಿನನಿತ್ಯದ ಕೆಲಸ ಮಾಡಿತು. ಗಂಟೆಗೊಮ್ಮೆ ಟಾಕಿಯ ನೀರು ಬಿಡಬೇಕು. ಬಗ್ಗಿ ನಲ್ಲಿ ತಿರುಗಿಸಿದ. ನೀರು ಸಿಡಿಯಿತು, ಅದರ ಹಿಂದೆಯೇ ಗಾಳಿ ಮುಖಕ್ಕೆ ಬಡಿಯಿತು.

ಸುಟ್ಟ ಡೀಸೆಲ್ಲಿನ ವಾಸನೆ.

ಅವನು ತಲೆಯೆತ್ತಿ ನೋಡಿದ. ಗುಡಾರದೊಳಗೆ ನೀಲಿ ಹೊಗೆ ತುಂಬಿತ್ತು. ಇಂಜಿನ್ನು ಉಗುಳಿದ್ದು ಹೊರಹೋಗದೆ ತಾಡಪತ್ರಿಯಡಿ ಸುತ್ತುತ್ತಿತ್ತು. ಅದನ್ನೇ ಕಂಪ್ರೆಸರ್ ಎಳೆದು, ಒತ್ತಿ, ಪೈಪಿಗೆ ತಳ್ಳುತ್ತಿತ್ತು. ಒಳಗೆ ಕತ್ತಲಲ್ಲಿ ಪೈಪಿನ ಬಾಯಿಗೆ ಮೂಗು ಕೊಟ್ಟು ಕೂತವರು ಉಸಿರಾಡುತ್ತಿದ್ದದ್ದು ಇದನ್ನು.

"ಸಾಹೇಬ್ರ! ಹೊಗಿ! ಒಳಗ ಹೊಗಿ ಹೊಂಟೈತ್ರಿ!"

ಪೈಪಿನ ವಾಲ್ವ್ ಮುಚ್ಚಿದ. ತಾಡಪತ್ರಿಯ ಹಗ್ಗಗಳನ್ನು ಹಿರಾಜಿಯ ಕುಡುಗೋಲಿನಿಂದ ಕಚಕಚನೆ ಕತ್ತರಿಸಿದ. ಜಯಶೀಲ ಓಡಿಬಂದ. "ಮುಚ್ಚಿದ್ರೆ ಅವರಿಗೆ ಗಾಳಿಯೇ ಇಲ್ಲ ಅಲ್ವಾ?"

"ಇದಕ್ಕಿಂತ ಇಲ್ಲದ್ದ ಚೊಲೋ. ಪೈಪ್ ತರ್ರಿ, ಆ ಸಿಮೆಂಟ್ ಪೈಪ್!"

ಸುರಂಗಕ್ಕೆಂದು ತಂದಿಟ್ಟ ಸಿಮೆಂಟ್ ಪೈಪುಗಳಲ್ಲಿ ಸಣ್ಣವು ಅಲ್ಲೇ ಬಿದ್ದಿದ್ದವು. ಕೂಲಿಗಳು ಮೂರನ್ನು ಹೊತ್ತು ತಂದರು. ಯಂಕಣ್ಣ ಅವುಗಳನ್ನು ಒಂದಕ್ಕೊಂದು ಸೇರಿಸಿ, ಕೀಲುಗಳಿಗೆ ಗೋಣಿತಾಟು ಸುತ್ತಿ ಜೇಡಿಮಣ್ಣು ಮೆತ್ತಿದ. ಒಂದು ತುದಿ ಫಿಲ್ಟರಿನ ಬಾಯಿಗೆ, ಇನ್ನೊಂದು ತುದಿ ನಲವತ್ತು ಅಡಿ ದೂರದ ತೊರೆಯ ಕಡೆಗೆ. ಅಲ್ಲಿ ನೀರಿನ ಓಟಕ್ಕೆ ತಣ್ಣನೆಯ ಗಾಳಿ ಸುಳಿಯುತ್ತಿತ್ತು. ಅದಕ್ಕೂ ಮೊದಲೇ ಹತ್ತು ಜನ ಗಾಡಿಗೆ ಭುಜ ಕೊಟ್ಟು, ಹೊಗೆಕೊಳವೆ ತಗ್ಗಿನ ಹೊರಬದಿಗೆ ಮುಖ ಮಾಡುವಂತೆ ತಿರುಗಿಸಿದ್ದರು. ಟಾಕಿಯಲ್ಲಿದ್ದ ಕೆಟ್ಟ ಗಾಳಿಯನ್ನು ಪೂರ್ತಿ ಹೊರಬಿಟ್ಟು, ಹೊಸದು ತುಂಬಿಸಿ, ಅದನ್ನೂ ಬಿಟ್ಟು, ಮತ್ತೆ ತುಂಬಿಸಿದ.

ಆಮೇಲೆ ರಬ್ಬರ್ ಕೊಳವೆ ಬಿಚ್ಚಿ ಅದರ ತುದಿ ತನ್ನ ಮುಖಕ್ಕೆ ಹಿಡಿದು ಕಣ್ಣುಮುಚ್ಚಿ ಉಸಿರೆಳೆದ. ನೂರು ಎಣಿಸಿದ. ಬರೀ ಎಣ್ಣೆಯ ತೆಳು ವಾಸನೆ, ಒದ್ದೆ ಎಲೆಯ ವಾಸನೆ. ಹೊಗೆ ಇರಲಿಲ್ಲ. ಕೊಳವೆಯನ್ನು ಮತ್ತೆ ಪೈಪಿಗೆ ಬಿಗಿದ.

ವಾಲ್ವ್ ತೆರೆದ. ಎಲ್ಲ ಸೇರಿ ಹನ್ನೆರಡು ನಿಮಿಷವಾಗಿತ್ತು.

ಮರಗಮ್ಮ ಪೈಪು ಬಡಿದಳು. ಉತ್ತರವಿಲ್ಲ. ಮತ್ತೆ ಬಡಿದಳು. ಅವಳ ತುಟಿ ಅಲುಗುತ್ತಿತ್ತು. ಯಾವ ದೇವರ ಹೆಸರೋ, ಗಂಡನ ಹೆಸರೋ ತಿಳಿಯಲಿಲ್ಲ. ಯಂಕಣ್ಣ ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ.

ಕಾಲು ಗಂಟೆಯ ಮೇಲೆ ಅವಳು ಒಂದು ಬೆರಳು ಎತ್ತಿದಳು. ತುಸು ತಡೆದು ಎರಡನೆಯದು.

ಮೂರನೆಯದು ಏಳಲಿಲ್ಲ.

ಶಿವರಾಯ ಯಾರ ಮಾತಿಗೂ ಕಾಯದೆ ಮತ್ತೆ ಬಂಡೆ ಕೊರೆಯತೊಡಗಿದ. ಹತ್ತು ನಿಮಿಷ ಬಂಡೆ, ಐದು ನಿಮಿಷ ಉಸಿರು. ಯಂಕಣ್ಣ ಈಗ ಯಂತ್ರದ ಪಕ್ಕದಿಂದ ಒಂದು ಹೆಜ್ಜೆಯೂ ಕದಲಲಿಲ್ಲ. ಐದೈದು ನಿಮಿಷಕ್ಕೆ ನಲ್ಲಿ ತಿರುಗಿಸಿ ಮೂಸಿದ. ಎರಡೂವರೆಗೆ ಬಂಡೆ ಸೀಳಿತು. ಬೆಣೆ ಹೊಡೆದು, ತುಂಡುಗಳನ್ನು ಚೈನ್ ಪುಲ್ಲಿಯಿಂದ ಎಳೆದು, ತೊಲೆ ಆನಿಸಿದರು. ಮೂರೂವರೆಯ ಸುಮಾರಿಗೆ ಒಬ್ಬ ತೆವಳುವಷ್ಟು ದಾರಿಯಾಯಿತು. ಶಿವರಾಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳಗೆ ಹೋದ.

ಮೊದಲು ಬಂದವನು ಕಿಟ್ಟಣ್ಣ. ಬೆಳಕು ಕಂಡೊಡನೆ ವಾಂತಿ ಮಾಡಿಕೊಂಡ. ಎರಡನೆಯವನು ಮಾಪಣ್ಣ, ಕಾಲು ಮುರಿದಿತ್ತು. ಮರಗಮ್ಮ ಅಳಲಿಲ್ಲ. ಅವನ ಮುಖದ ಕೆಸರನ್ನು ಒದ್ದೆ ಸೆರಗಿನಿಂದ ಒರೆಸುತ್ತಲೇ ಇದ್ದಳು, ಕೆಸರು ಹೋದ ಮೇಲೂ. ಮೂರನೆಯವನನ್ನು ಹಗ್ಗದಿಂದ ಎಳೆದು ತಂದರು. ಮಹಾದೇವಪ್ಪ. ಎದೆಗೆ ತೊಲೆ ಬಿದ್ದ ಗಾಯವಿತ್ತು. ಯಂಕಣ್ಣ ಅವನನ್ನು ಬದುಕಿದ್ದಾಗ ಒಂದೇ ಸಲ ನೋಡಿದ್ದ, ಉಲ್ಹಾಸನಗರದ ಸಂತೆಯಲ್ಲಿ, ಹಳೇ ಕೊಡೆಗಾಗಿ ಅವನು ಚೌಕಾಶಿ ಮಾಡುತ್ತಿದ್ದಾಗ.

ಗಾಯಾಳುಗಳನ್ನು ಠಾಣೆಯ ಆಸ್ಪತ್ರೆಗೆ ಮುಟ್ಟಿಸಬೇಕಿದ್ದರೆ ಮತ್ತೆ ಅದೇ ಗುಡ್ಡ ಹತ್ತಬೇಕಿತ್ತು. ಬಿದಿರಿಗೆ ಗೋಣಿ ಕಟ್ಟಿ ಡೋಲಿ ಮಾಡಿದರು. ಇಂಜಿನ್ನನ್ನು ಖಾಲಿ ಓಡಿಸಿ ತಣಿಸಿ, ನಿಲ್ಲಿಸಿ, ಯಂಕಣ್ಣ ಮಾಪಣ್ಣನ ಡೋಲಿಗೆ ಹೆಗಲು ಕೊಟ್ಟ. ಕೆಸರಿನಲ್ಲಿ ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಹಿರಾಜಿ ಕಟ್ಟಿದ ಕೈಗಳನ್ನು ಎದೆಗೊತ್ತಿಕೊಂಡು ಮುಂದೆ ನಡೆದ. ಕೊನೆಯ ಡೋಲಿಯ ಮುಖ ಮುಚ್ಚಿತ್ತು.

ಅರ್ಧ ದಾರಿಯಲ್ಲಿ ಡೋಲಿ ಇಳಿಸಿ ಉಸಿರು ತೆಗೆದುಕೊಂಡರು. ಯಂಕಣ್ಣನಿಗೆ ಕೇಳದಿರಲು ಆಗಲಿಲ್ಲ.

"ಮಾಪಣ್ಣ, ಹೊಗಿ ಬಂದಾಗ... ಮುಕಾದಮ ಜೀವಂತ ಇದ್ದನೇನು?"

ಮಾಪಣ್ಣ ಡೋಲಿಯ ಬಿದಿರು ಹಿಡಿದು ತಲೆ ಎತ್ತಿದ. "ಇದ್ದ. ಎದಿ ನೋವಂತ ನರಳ್ತಿದ್ದ, ಆದ್ರ ಮಾತಾಡ್ತಿದ್ದ. ಹೊಗಿ ಬಂದ ಮ್ಯಾಲ ಮಾತ್ ನಿಂತ್ವು." ಮುಂದುವರಿಸಿದ, "ಹೊಗಿ ಇಲ್ದಿದ್ರ ಉಳೀತಿದ್ನೋ ಇಲ್ಲೋ, ಅದು ನನಗ ಗೊತ್ತಿಲ್ಲಪಾ. ಗಾಳಿ ಬರದಿದ್ರ ನಾವು ಮೂರೂ ಮಂದಿ ಇರ್ತಿರಲಿಲ್ಲ. ಅದು ಮಾತ್ರ ಗೊತ್ತು."

ಯಂಕಣ್ಣ ತಲೆಯಾಡಿಸಿ ಮತ್ತೆ ಹೆಗಲು ಕೊಟ್ಟ.

ಘಣಸೋಲಿ ಮುಟ್ಟಿದಾಗ ಸಂಜೆಯ ಬೆಳಕು ಇನ್ನೂ ಇತ್ತು. ಊರಿನವರು ಗಣಿಯ ಬಳಿ ನೆರೆದಿದ್ದರು. ಟೆಂಪೋದಲ್ಲಿ ಗಾಯಾಳುಗಳನ್ನು ಮಲಗಿಸಿದರು.

ನಾಲ್ಕು ದಿನದ ನಂತರ ಠಾಣೆಯ ವರ್ತಕ ನಗರದಲ್ಲಿದ್ದ ಕಂಪನಿಯ ಆಫೀಸಿಗೆ ಜಯಶೀಲ ಅವನನ್ನು ಕರೆಸಿದ. ಮೇಜಿನ ಮೇಲೆ ವರದಿ ಇತ್ತು. ಆಪರೇಟರ್ ಯಂಕಣ್ಣ ಯಂತ್ರವನ್ನು ಗುಡ್ಡ ದಾಟಿಸಿ ಇಬ್ಬರ ಜೀವ ಉಳಿಸಿದ ಎಂದು ಓದಿ ಹೇಳಿದ. ಮಹಾದೇವಪ್ಪ ಎದೆಯ ಗಾಯದಿಂದ ತೀರಿಕೊಂಡ ಎಂದಿತ್ತು.

"ಹೊಗೀದು ಬರದಿಲ್ಲೇನ್ರಿ?"

"ಅದು ಬೇಡ ಮಾರಾಯ. ಯಾಕೆ ಸುಮ್ಮನೆ? ನಿನ್ನ ಕೆಲಸ ಹೋಗ್ತದೆ."

"ಹೋಗ್ಲಿ. ಅರ್ಧ ತಾಸು ನಾ ಮಷಿನ್ ಬಿಟ್ಟು ಹೋಗಿದ್ದೆ. ತಾಡಪತ್ರಿ ಒಳಗ ಹೊಗಿ ತುಂಬಿತ್ತು. ಬರೀರಿ. ಮಳಿ ಬಂದ್ರ ನಾಳೆ ಮತ್ತೊಬ್ಬ ಆಪರೇಟರ್ ಹಿಂಗ ತಾಡಪತ್ರಿ ಕಟ್ಟತಾನ್ರಿ. ಅವಂಗ ಯಾರ್ ಹೇಳಾವ್ರು?"

ಜಯಶೀಲ ಪೆನ್ನು ಕೆಳಗಿಟ್ಟ. ಹಾಳೆ ಹರಿದು ಹೊಸದು ತೆಗೆದ. "ತಾಡಪತ್ರಿಯ ಆ ಕಡೆ ಕಟ್ಟಿದ್ದು ನಾನಲ್ವಾ," ಎಂದು ತನ್ನಷ್ಟಕ್ಕೇ ಹೇಳಿ, ಇಬ್ಬರ ಹೆಸರನ್ನೂ ಬರೆದ. ಯಂಕಣ್ಣ ಕೆಳಗೆ ದಪ್ಪಕ್ಷರದಲ್ಲಿ, ನಿಧಾನವಾಗಿ ಸಹಿ ಮಾಡಿದ.

ಕೆಲಸ ಹೋಗಲಿಲ್ಲ. ಒಂದು ತಿಂಗಳು ಕೆಲಸದಿಂದ ದೂರ ಇಟ್ಟರು, ಅಷ್ಟೇ. ಆ ತಿಂಗಳು ಕಳೆದ ಮೇಲೆ ಕಂಪನಿಯ ಎಲ್ಲ ಜಾಗಗಳಿಗೂ ಒಂದು ಆದೇಶ ಬಂತು: ಕಂಪ್ರೆಸರ್ ಗಾಳಿ ಎಳೆಯುವ ಬಾಯಿಗೆ ಉದ್ದನೆಯ ಪೈಪು ಕಡ್ಡಾಯ, ಯಂತ್ರವನ್ನು ಮುಚ್ಚಿ ಕಟ್ಟಕೂಡದು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಡೊಂಬಿವಲಿಯ ಒಂದು ಕೆಲಸದಲ್ಲಿ ಪರಿಚಯವಿಲ್ಲದ ಆಪರೇಟರೊಬ್ಬ ಮಳೆಯಲ್ಲಿ ನೆನೆಯುತ್ತ, ಬೈಯುತ್ತ ಆ ಪೈಪು ಜೋಡಿಸುವುದನ್ನು ಯಂಕಣ್ಣ ನೋಡಿದ. ರಸ್ತೆ ದಾಟಿ ಹೋಗಿ ಪೈಪಿನ ಇನ್ನೊಂದು ತುದಿ ಎತ್ತಿ ಹಿಡಿದ.